ದವಡೆಯ ಕೀಲಿನ ನೀರು

ಸಂಕ್ರಾಂತಿಗೆಂದು ಮಾಡಿದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮುರಿದು ಬಾಯಿಗಿಟ್ಟುಕೊಂಡೆ. ಬಲಗಿವಿಯ ಮುಂದೆ ಕಟಕ್ ಎಂದಿತು. ರೊಟ್ಟಿಯ ಸದ್ದೇ ಇರಬೇಕೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಕಟಕ್. ಆಗ ಬಾಯಲ್ಲಿದ್ದದ್ದು ಬದನೆಕಾಯಿ ಪಲ್ಯ. ಬದನೆಕಾಯಿ ಸದ್ದು ಮಾಡುವುದಿಲ್ಲ.

ಆ ದಿನ ಯಾರಿಗೂ ಹೇಳಲಿಲ್ಲ. ಪುಣೆಯ ಭೋಸರಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಗೆ ನಮ್ಮವರ ಕಾರ್ಖಾನೆಯ ಇಬ್ಬರು ಊಟಕ್ಕೆ ಬಂದಿದ್ದರು. ನಮ್ಮವರು ಅಲ್ಲಿ ಸ್ಟೋರ್ ಕೀಪರ್. ಮಗಳು ರೇಖಾ ಕಾಮರ್ಸ್ ಓದುತ್ತಾಳೆ. ನಾನು ಮನೆಯಲ್ಲಿರುವವಳು. ವಿಜಾಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಹದಿನೈದು ಜೋಳದ ರೊಟ್ಟಿ ಬಡಿಯುತ್ತೇನೆ. ಬಡಿಯುತ್ತಿದ್ದೆ ಎನ್ನಬೇಕು.

ಎರಡು ದಿನ ಬಿಟ್ಟು ಅಕ್ಕಿ ಆರಿಸುತ್ತ ಆಕಳಿಸಿದಾಗ ಕಿವಿಯೊಳಗೆ ಸೂಜಿ ಆಡಿಸಿದಂತಾಯಿತು. ಆಮೇಲೆ ಆ ನೋವು ಹಾಲಿನವನಂತೆ ಹೊತ್ತಿಗೆ ಸರಿಯಾಗಿ ಬರತೊಡಗಿತು. ಬೆಳಗ್ಗೆ ಎದ್ದಾಗ. ಊಟಕ್ಕೆ ಕೂತಾಗ. ಯಾರಾದರೂ ನಗಿಸಿದಾಗ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡೆ. ಲವಂಗದ ಎಣ್ಣೆ ಹಚ್ಚಿದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಒಣಶುಂಠಿ ತೇಯ್ದು ಕೊಟ್ಟರು. ಕೆನ್ನೆ ಉರಿಯಿತು, ನೋವು ಇದ್ದಲ್ಲೇ ಇತ್ತು.

ಕೊನೆಗೆ ಬಸ್ ಸ್ಟಾಪಿನ ಎದುರಿಗಿರುವ ಹಲ್ಲಿನ ಡಾಕ್ಟರ ಕಡೆ ಹೋದೆ. ಒಬ್ಬಳೇ ಹೋದೆ. ನಮ್ಮವರಿಗೆ ಮೊದಲ ಪಾಳಿ, ರೇಖಾಗೆ ಕಾಲೇಜು. ಇಪ್ಪತ್ತೆರಡು ವರ್ಷ ಇಲ್ಲಿದ್ದವಳಿಗೆ ಮಾತಾಡಲು ಇನ್ನೊಬ್ಬರು ಏಕೆ ಬೇಕು? ನಾನು ಮರಾಠಿ ಕಲಿತದ್ದು ಕಾಯಿಪಲ್ಯ ಮಾರುವವರ ಹತ್ತಿರ, ನಲ್ಲಿಯ ಸಾಲಿನಲ್ಲಿ. ನಮ್ಮ ಎಷ್ಟೋ ಮಾತುಗಳ ಬಾಲ ಕತ್ತರಿಸಿದರೆ ಮರಾಠಿಯಾಗುತ್ತದೆ ಎಂಬುದು ನನ್ನ ಲೆಕ್ಕ. ಹಾಗೆಯೇ ದವಡೆಗೆ ಅವರು ದಾಢ ಅನ್ನುತ್ತಾರೆಂದು ಎಂದೋ ತಲೆಯಲ್ಲಿ ಕೂತುಬಿಟ್ಟಿತ್ತು.

"ಮಾಝೀ ದಾಢ ದುಖತೇ," ಎಂದೆ. ನನ್ನ ದವಡೆ ನೋಯುತ್ತದೆ ಎಂದು.

"ಕುಠಲೀ?" ಎಂದರು ಡಾಕ್ಟರು. ಯಾವುದು ಎಂದು. ನಾನು ಬಲಗಡೆಯದು ಎಂದೆ. ಅವರು ಕನ್ನಡಿ ಹಾಕಿ ನೋಡಿದರು. ಮೇಲಿನ ಕೊನೆಯ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಇಂಜೆಕ್ಷನ್ ಕೊಟ್ಟು ಕಿತ್ತರು. ಎಂಟು ದಿನವಾದರೂ ನೋವು ಹೋಗಲಿಲ್ಲ. ಮತ್ತೆ ಹೋಗಿ ಮತ್ತೆ ಅದೇ ಮಾತು ಹೇಳಿದೆ. ಇನ್ನೂ ಜೋರಾಗಿ ಹೇಳಿದೆ. ಅದರ ಪಕ್ಕದ ಹಲ್ಲೂ ಹೋಯಿತು. ಅವರನ್ನು ನಾನು ದೂರಲಾರೆ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದ್ದೆ, ಅವರು ನನ್ನ ಮಾತನ್ನು ನಂಬಿದ್ದರು.

ಎರಡನೆಯ ಹಲ್ಲು ಕೀಳಿಸಿಕೊಂಡ ಐದನೆಯ ದಿನ ಬೆಳಗ್ಗೆ ಬ್ರಶ್ಶಿಗೆ ಪೇಸ್ಟ್ ಹಚ್ಚಿ ಬಾಯಿಗೆ ತಂದೆ. ಬ್ರಶ್ ಹಲ್ಲಿಗೆ ಬಡಿದು ನಿಂತಿತು.

ಬಾಯಿ ತೆರೆಯಲಿಲ್ಲ.

ಕೈಯಿಂದ ಗದ್ದ ಹಿಡಿದು ಕೆಳಗೆ ಎಳೆದೆ. ಕಿರುಬೆರಳು ಅಡ್ಡವಾಗಿ ತೂರುವಷ್ಟು ಸಂದಿಯಾಯಿತು. ಅಷ್ಟೇ. ಮುಂದೆ ಏನೋ ಕಲ್ಲು ಅಡ್ಡ ಇಟ್ಟಂತೆ. ಅಡುಗೆ ಮನೆಗೆ ಹೋಗಿ ಒಲೆ ಹಚ್ಚಿ ಚಹಾಕ್ಕಿಟ್ಟೆ. ಗಾಬರಿಯಾದಾಗ ನಾನು ಚಹಾಕ್ಕಿಡುತ್ತೇನೆ. ನಮ್ಮವರು ಅಂಗಿ ಹಾಕಿಕೊಳ್ಳುತ್ತ ಬಂದು ಏನೋ ಕೇಳಿದರು. ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟೆ. ಅವರಿಗೆ ಮೊದಲು ನಗು ಬಂತು. ಪುಣೆಯಲ್ಲಿ ಹೆಂಗಸರನ್ನು ಗೌರವದಿಂದ ಬಾಯಿ ಎಂದು ಕರೆಯುತ್ತಾರೆ.

"ಇಡೀ ಭೋಸರಿ ನಿನಗ ಬಾಯಿ, ಬಾಯಿ ಅಂತದ. ಆ ಬಾಯಿನೇ ಬಂದ್ ಆತಲ್ಲ!" ಎಂದರು.

ನಾನು ನಗಲಿಲ್ಲ. ನಗಲು ಬರುತ್ತಲೂ ಇರಲಿಲ್ಲ. ಅವರು ನನ್ನ ಮುಖ ನೋಡಿ, ಹಾಕಿಕೊಂಡಿದ್ದ ಅಂಗಿ ಬಿಚ್ಚಿ ಬೇರೆ ಒಳ್ಳೆಯ ಅಂಗಿ ಹಾಕಿಕೊಂಡರು. ಅಂದು ರಜೆ ಹಾಕಿದರು ಎಂದು ಅದರಿಂದಲೇ ತಿಳಿಯಿತು.

ಡೆಂಟಲ್ ಕಾಲೇಜು ಪುಣೆಯ ಕ್ಯಾಂಪ್ ಎಂಬ ಭಾಗದಿಂದ ಆಚೆಗೆ. ಎರಡು ಬಸ್ಸು ಬದಲಿಸಬೇಕು. ರೇಖಾನೂ ಜೊತೆಗೆ ಬಂದಳು. ಬಾಯಿ ಮತ್ತು ದವಡೆಯ ಆಪರೇಷನ್ ಮಾಡುವ ವಿಭಾಗದಲ್ಲಿ ಒಬ್ಬ ಡಾಕ್ಟರ್ ಇದ್ದರು, ನನ್ನದೇ ವಯಸ್ಸಿನ ಹೆಂಗಸು. ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಅವರ ಮಾತೆಲ್ಲ ಮರಾಠಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಮತ್ತೆ ದಾಢ ಎಂದು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ಹೆಸರು ಬೇಡ. ಬೆರಳಿಟ್ಟು ತೋರಿಸಿ."

ಕಿವಿಯ ಮುಂದೆ ಬೆರಳಿಟ್ಟೆ. ಅವರು ನನ್ನ ಬಾಯನ್ನೇ ನೋಡಲಿಲ್ಲ. ನಾನಿಟ್ಟ ಜಾಗದಲ್ಲಿ ತಮ್ಮ ಎರಡು ಬೆರಳಿಟ್ಟು, ಆದಷ್ಟು ತೆರೆಯಿರಿ, ಮುಚ್ಚಿರಿ ಎಂದರು. ಅಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ರೇಖಾನ ಕಿವಿಗೂ ಕೊಟ್ಟು ಕೇಳಿಸಿದರು. ಬೀಸುಕಲ್ಲಿಗೆ ಉಸುಕು ಬಿದ್ದಂತೆ ಕೇಳಿಸಿತಂತೆ. ಸಣ್ಣ ಸ್ಕೇಲ್ ಇಟ್ಟು ಅಳೆದರು. ಹದಿನಾಲ್ಕು ಮಿಲಿಮೀಟರ್. ಸರಿಯಿದ್ದವರ ಬಾಯಲ್ಲಿ ಅವರವರದೇ ಮೂರು ಬೆರಳು ಹಿಡಿಸಬೇಕು ಎಂದರು. ಆಮೇಲೆ ಆ ಎರಡು ಖಾಲಿ ಜಾಗ ಕಂಡವು.

"ಈ ಹಲ್ಲು ಯಾಕೆ ತೆಗೆಸಿದಿರಿ?"

ರೇಖಾ ನನ್ನ ಕಡೆ ತಿರುಗಿದಳು. "ಅವ್ವಾ, ಆ ಡಾಕ್ಟರಿಗೆ ನೀ ಏನಂತ ಹೇಳಿದ್ದಿ?"

"ದಾಢ ದುಖತೇ ಅಂದೆ."

"ದಾಢ ಅಂದ್ರ ದವಡಿ ಹಲ್ಲು, ಅವ್ವಾ! ದವಡಿಗೆ ಜಬಡಾ ಅಂತಾರ!"

ಎರಡು ಹಲ್ಲು ಒಂದು ಮಾತಿಗೆ ಹೋದವು.

ಡಾಕ್ಟರ್ ಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು, ದವಡೆಯ ಎಲುಬಿನ ತುದಿ ಬಲಗಡೆ ಹೇಗೆ ಸವೆದಿದೆ ನೋಡಿ ಎಂದು ತೋರಿಸಿದರು. ಎಡಗಡೆಯದು ಗುಂಡಗಿತ್ತು. ಬಲಗಡೆಯದು ಇಲಿ ಕಡಿದ ಸೋಪಿನಂತಿತ್ತು. ಆಮೇಲೆ ಅವರು ನನ್ನ ಕೈಗಳನ್ನು ಹಿಡಿದರು. ದವಡೆಗೂ ಕೈಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಒಂದು ಕಡೆ ಹಾಯ್ ಎಂದೆ.

"ಬೆಳಗ್ಗೆ ಎದ್ದಾಗ ಬೆರಳು ಬಿಗಿದುಕೊಂಡಿರುತ್ತವೆಯೇ?"

ಇರುತ್ತಿದ್ದವು. ಒಂದು ವರ್ಷದಿಂದ. ರೊಟ್ಟಿ ಬಡಿದು ಬಡಿದು ಹಾಗಾಗಿವೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಬಿಸಿನೀರಲ್ಲಿ ಹಿಟ್ಟು ಕಲಸುವಾಗ ಬೆರಳು ಸಡಿಲಾಗುತ್ತಿದ್ದವು, ಮರೆತುಬಿಡುತ್ತಿದ್ದೆ.

"ಮನೆಯಲ್ಲಿ ಯಾರಿಗಾದರೂ ಕೈಕಾಲಿನ ಗೆಣ್ಣು ಬಾತು ಸೊಟ್ಟಗಾದದ್ದು ಇದೆಯೇ?"

ಅವ್ವನಿಗೆ ಎಂದೆ.

ಅವ್ವ ತೀರಿಕೊಂಡು ಆರು ವರ್ಷ. ಕೊನೆಕೊನೆಗೆ ಅವಳ ಬೆರಳುಗಳು ಹುಣಸೆಕಾಯಿಯಂತೆ ಡೊಂಕಾಗಿದ್ದವು. ಸೀರೆಯ ನಿರಿಗೆ ಹಿಡಿಯಲು ಬರುತ್ತಿರಲಿಲ್ಲ, ಊಟದ ತಾಟು ಎತ್ತಲು ಬರುತ್ತಿರಲಿಲ್ಲ. ಅದಕ್ಕೆ ನಾವು ವಾಯು ಎನ್ನುತ್ತಿದ್ದೆವು. ಡಾಕ್ಟರಿಗೆ ತೋರಿಸಿದ್ದು ಕಡಿಮೆ, ಎಣ್ಣೆ ತಿಕ್ಕಿದ್ದು ಹೆಚ್ಚು. ನಾಲ್ಕು ವರ್ಷ ಅವಳು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಆತು ಕೂತೇ ಕಳೆದಳು. ಅಣ್ಣನ ಹೆಂಡತಿ, ನಮ್ಮ ವೈನಿ, ತುತ್ತು ಮಾಡಿ ಉಣಿಸುತ್ತಿದ್ದರು. ರಜೆಗೆ ಹೋದಾಗ ನಾನು ಉಣಿಸುತ್ತಿದ್ದೆ.

ಡಾಕ್ಟರ್ ಬಾಯಿ ಹೇಳಿದ್ದು ಹೀಗೆ. ಎಕ್ಸ್‌ರೇ ಸವೆದದ್ದನ್ನು ತೋರಿಸುತ್ತದೆ, ಏಕೆ ಸವೆಯಿತೆಂದು ಹೇಳುವುದಿಲ್ಲ. ಕೀಲಿನೊಳಗೆ ಕೀವು ಆಗಿರಬಹುದು, ಟಿಬಿ ಕೂಡ ಇರಬಹುದು. ಹರಳು ಕಟ್ಟಿರಬಹುದು. ಅಥವಾ ಮೈಯೇ ತನ್ನ ಕೀಲನ್ನು ತಿನ್ನುವ ಸಂಧಿವಾತ ಇರಬಹುದು, ನಿಮ್ಮ ತಾಯಿಯದು ಅದೇ ಇದ್ದೀತು. ಒಂದರ ಔಷಧ ಇನ್ನೊಂದಕ್ಕೆ ವಿಷ. ಅದಕ್ಕೆ ಕೀಲಿನೊಳಗಿನ ನೀರನ್ನು ಸೂಜಿಯಿಂದ ತೆಗೆದು ನೋಡಬೇಕು. ಅಲ್ಲಿರುವುದು ಕೆಲವೇ ಹನಿ.

ನಮ್ಮವರು ಕೇಳಿದರು, "ಸೂಜಿ ಎಲ್ಲಿ ಹಾಕ್ತೀರಿ?"

ಅವರು ನನ್ನ ಕಿವಿಯ ಮುಂದೆ, ನಾನು ಬೆರಳಿಟ್ಟಲ್ಲೇ ಮುಟ್ಟಿದರು.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಬೇಡಿಕೊಂಡದ್ದು ಒಂದೇ. ಕೀವು ಇರಲಿ. ಟಿಬಿಯೇ ಇರಲಿ. ಔಷಧ ನುಂಗಿ ಮುಗಿಸಬಹುದು. ಅವ್ವನ ವಾಯು ಬೇಡ. ಆ ಮೂಲೆ ಬೇಡ. ದೇವರಲ್ಲಿ ಕೀವು ಬೇಡಿದವಳು ನಾನೊಬ್ಬಳೇ ಇರಬೇಕು.

ಗುರುವಾರ ಬೆಳಗ್ಗೆ ಕರೆದಿದ್ದರು. ಕಾಗದಕ್ಕೆ ನಮ್ಮವರು ಸಹಿ ಮಾಡಿದರು, ನಾನೂ ಮಾಡಿದೆ. ಪೆನ್ನು ಹಿಡಿದಾಗ ಬೆರಳು ನೋಯುವುದನ್ನು ಅಂದು ಮೊದಲ ಸಲ ಗಮನಿಸಿದೆ. ಗಮನಿಸಲು ಕಲಿಸಿದ ಮೇಲೆ ಎಲ್ಲ ಕಡೆಯೂ ನೋವು ಕಾಣುತ್ತದೆ.

ಕೂದಲನ್ನು ಟೊಪ್ಪಿಗೆಯೊಳಗೆ ಸೇರಿಸಿದರು. ಓಲೆ ಬಿಚ್ಚಿಸಿ ರೇಖಾನ ಕೈಗೆ ಕೊಟ್ಟರು. ಕಿವಿಯೊಳಗೆ ಹತ್ತಿ ತುಂಬಿದರು. ಕಿವಿಯ ನಡುವಿನಿಂದ ಕಣ್ಣಿನ ಮೂಲೆಯವರೆಗೆ ಪೆನ್ನಿನಿಂದ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕೆ ಇಟ್ಟರು. ಬ್ಲೌಸ್ ಹೊಲಿಯುವವರು ಸೀಮೆಸುಣ್ಣದಿಂದ ಗುರುತು ಹಾಕುತ್ತಾರಲ್ಲ, ಹಾಗೆ. ಮರಗಟ್ಟಿಸುವ ಇಂಜೆಕ್ಷನ್ನಿಗೇ ಕಣ್ಣಲ್ಲಿ ನೀರು ಬಂತು. ಆಮೇಲಿನ ಸೂಜಿ ನೋಯಲಿಲ್ಲ. ಒತ್ತಿತು. ಬರೀ ಒತ್ತಿತು. ಕಿವಿಯ ಒಳಗೋಡೆಯ ಮೇಲೆ ಯಾರೋ ಹೆಬ್ಬೆರಳಿಟ್ಟು ನಿಂತಂತೆ.

ಮೊದಲು ಎಳೆದಾಗ ಏನೂ ಬರಲಿಲ್ಲ. ಡಾಕ್ಟರ್ ಬಾಯಿ ಸಲೈನ್ ಸ್ವಲ್ಪ ಒಳಗೆ ಬಿಟ್ಟು, ದವಡೆ ಆಡಿಸಿ ಎಂದರು. ಆಡದ ದವಡೆಯನ್ನು ಹೇಗೆ ಆಡಿಸುವುದು? ಅವರ ಅಸಿಸ್ಟೆಂಟ್ ನನ್ನ ಗದ್ದ ಹಿಡಿದು ಮೆಲ್ಲಗೆ ಕುಲುಕಿದರು. ಮತ್ತೆ ಎಳೆದರು. ಮತ್ತೆ ಬಿಟ್ಟರು. ಒಂದು ಸಲ, ಎರಡು ಸಲ, ನಾಲ್ಕು ಸಲ. ನಾನು ಎಣಿಸುತ್ತಲೇ ಇದ್ದೆ, ಎಣಿಸುವುದರ ಹೊರತು ಬೇರೆ ಕೆಲಸವಿರಲಿಲ್ಲ.

"ಬಂತು," ಎಂದರು.

ಕಣ್ಣು ಓರೆ ಮಾಡಿ ನೋಡಿದೆ. ಅಕ್ಕಿ ತೊಳೆದ ನೀರಿನಂತಿತ್ತು. ಕೆಳಗೆ ಏನೋ ಎಳೆ ಎಳೆ ತೇಲುತ್ತಿತ್ತು. ಒಂದು ಬೊಗಸೆ ಕೂಡ ಅಲ್ಲ, ಒಂದು ಚಮಚೆ ಕೂಡ ಅಲ್ಲ. ನನ್ನ ಮುಂದಿನ ದಿನಗಳೆಲ್ಲ ಅದರಲ್ಲಿದ್ದವು. ಮೂರು ಸಣ್ಣ ಬಾಟಲಿಗೆ ಹಂಚಿ, ಚೀಟಿ ಅಂಟಿಸಿ, ಒಬ್ಬರು ತೆಗೆದುಕೊಂಡು ಹೊರಟೇಹೋದರು. ನಂತರ ಎರಡನೆಯ ಚುಕ್ಕೆಗೂ ಸೂಜಿ ಹಾಕಿ, ಒಂದರಿಂದ ಸಲೈನ್ ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸಿ, ಕೀಲನ್ನು ತೊಳೆದರು.

ಎದ್ದು ಹೊರಗೆ ಬಂದಾಗ ನಮ್ಮವರು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ನನ್ನ ಬಲಗಣ್ಣು ಮುಚ್ಚುತ್ತಿರಲಿಲ್ಲ. ಬಲಗಡೆಯ ತುಟಿ ಇಳಿದುಬಿದ್ದಿತ್ತು.

ಮರಗಟ್ಟಿಸುವ ಔಷಧ ಮುಖದ ನರಕ್ಕೂ ಹರಡಿದೆ, ಕೆಲವು ತಾಸಿನಲ್ಲಿ ಇಳಿಯುತ್ತದೆ ಎಂದು ಡಾಕ್ಟರ್ ಬಾಯಿ ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿದರು. ರಿಕ್ಷಾದಲ್ಲಿ ನಮ್ಮವರು ನನ್ನ ಕೈ ಹಿಡಿದಿದ್ದರು. ಮಗಳ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. "ಇಳಿತದ, ಇಳಿತದ," ಎಂದು ಹೇಳುತ್ತಲೇ ಇದ್ದರು, ನನಗೋ ತಮಗೋ ತಿಳಿಯದು. ಸಂಜೆ ನಾಲ್ಕಕ್ಕೆ ಕಣ್ಣು ಮುಚ್ಚಿತು. ಆಗ ಅವರು ಹೋಗಿ ಸ್ನಾನ ಮಾಡಿದರು.

ರಿಪೋರ್ಟಿಗೆ ಎಂಟು ದಿನ. ಟಿಬಿಯ ಕ್ರಿಮಿ ಬೆಳೆಯುತ್ತದೋ ಎಂದು ಕಾದು ನೋಡುವ ಕಲ್ಚರ್ ಮಾತ್ರ ಆರು ವಾರ. ಆ ದಿನಗಳಲ್ಲಿ ನಾನು ಉಂಡದ್ದು ಜೋಳದ ಅಂಬಲಿ, ಸೋಸಿದ ಬೇಳೆ ಕಟ್ಟು, ಕಿವುಚಿದ ಬಾಳೆಹಣ್ಣು. ನಮ್ಮವರು ಅನ್ನ ಮಾಡಲು ಕಲಿತರು. ಮೊದಲ ದಿನದ್ದು ಗಂಜಿಯಾಯಿತು. "ನಿನಗಂತನ ಮಾಡೀನಿ," ಎಂದರು. ರೊಟ್ಟಿಯ ಹಂಚು ಮೂಲೆಗೆ ಸೇರಿತು. ಬೆಳಗಿನ ಹೊತ್ತು ಬೆರಳುಗಳು ಸೌಟನ್ನೂ ಹಿಡಿಯದಾದವು. ಭಯದಿಂದ ಹೆಚ್ಚಾಯಿತೋ, ರೋಗವೇ ಹೆಚ್ಚಾಯಿತೋ.

ಐದನೆಯ ದಿನ ಮಧ್ಯಾಹ್ನ ರೇಖಾ ಚಮಚೆಯಲ್ಲಿ ಬೇಳೆ ಕಟ್ಟು ಹಿಡಿದು ಕೂತಿದ್ದಳು. ಅವಳಿಗೆ ಎರಡಕ್ಕೆ ಪರೀಕ್ಷೆಯ ಫಾರ್ಮ್ ತುಂಬಲು ಹೋಗಬೇಕಿತ್ತು. ಅಂದು ಕೀಲು ತೀರಾ ಬಿಗಿದಿತ್ತು. ಚಮಚೆ ಹಲ್ಲಿಗೆ ತಾಗಿತು, ಕಟ್ಟು ಗದ್ದದ ಮೇಲೆ ಇಳಿಯಿತು. ನಾನು ಮುಖ ಆಚೆ ತಿರುಗಿಸಿದೆ.

"ಅವ್ವಾ, ಬಾಯಿ ತೆಗಿ. ಹಟ ಮಾಡಬ್ಯಾಡ."

ಆ ಮಾತು ನನ್ನದು.

ಇದೇ ಮಾತನ್ನು ಇದೇ ದನಿಯಲ್ಲಿ ನಾನು ಅವ್ವನಿಗೆ ಹೇಳಿದ್ದೆ. ಕೊನೆಯ ಒಂದೆರಡು ವರ್ಷ ಅವ್ವ ತುತ್ತು ಬಂದರೆ ಮುಖ ತಿರುಗಿಸುತ್ತಿದ್ದಳು. ಹಲ್ಲು ಕಚ್ಚಿ ಕೂಡುತ್ತಿದ್ದಳು. ಮುದುಕಿಗೆ ಹಟ ಬಂದಿದೆ, ಸೊಸೆಯ ಕೈಯದು ಉಣ್ಣಲು ಮನಸ್ಸಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಂಡರು. ವೈನಿ ಅದನ್ನು ಕೇಳಿ ಅಡುಗೆ ಮನೆಯಲ್ಲಿ ಅತ್ತಿದ್ದು ನನಗೆ ಗೊತ್ತು. ಒಮ್ಮೆ ನಾನು ಸಿಟ್ಟಿನಲ್ಲಿ ಅವ್ವನ ಗದ್ದ ಹಿಡಿದು ಬಾಯಿ ತೆರೆಸಲು ನೋಡಿದ್ದೆ. ಅವ್ವ ಕೂಗಿದ್ದಳು. ಎಷ್ಟು ನಾಟಕ ಮಾಡ್ತಾಳ ನೋಡ್ರಿ ಎಂದಿದ್ದೆ.

ರೇಖಾ ಹೆದರಿದಳು. "ಯಾಕವ್ವಾ, ಅಳಬ್ಯಾಡ, ನಾ ಸುಮ್ನ ಅಂದೆ," ಎಂದಳು. ಏನೆಂದು ಹೇಳಲಿ? ಹೇಳಲು ಬಾಯಿ ಬೇಕಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರ್ ಬಾಯಿಗೆ ನಾನು ಮೊದಲು ಕೇಳಿದ್ದು ನನ್ನ ವಿಷಯವಲ್ಲ. ಹಲ್ಲಿನ ಸಂದಿಯಿಂದಲೇ ಕೇಳಿದೆ, ರೇಖಾ ತಿದ್ದಿ ಹೇಳಿದಳು. ತಾಯಿಯ ಬೆರಳು ಸೊಟ್ಟಗಾಗಿದ್ದವಲ್ಲ, ಅದೇ ರೋಗ ಅವರ ದವಡೆಗೂ ಬಂದಿರಬಹುದೇ?

ಅವರು ಪೆನ್ನು ಕೆಳಗಿಟ್ಟರು. "ನಾನು ಅವರನ್ನು ನೋಡಿಲ್ಲ. ಆದರೆ ಬರುತ್ತದೆ. ಎಷ್ಟೋ ಜನಕ್ಕೆ ಬರುತ್ತದೆ. ಬೆರಳು ಎಲ್ಲರಿಗೂ ಕಾಣುತ್ತವೆ, ಇದು ಯಾರಿಗೂ ಕಾಣುವುದಿಲ್ಲ."

ಆಮೇಲೆ ನನ್ನ ವಿಷಯ. ನೀರಿನಲ್ಲಿ ಕೀವಿನ ಕ್ರಿಮಿ ಇರಲಿಲ್ಲ. ಹರಳು ಇರಲಿಲ್ಲ. ಉರಿಯೂತದ ಕಣಗಳು ಮಾತ್ರ ತುಂಬಿಕೊಂಡಿದ್ದವು. ಆ ನಡುವೆ ಮಾಡಿಸಿದ್ದ ರಕ್ತದ ಪರೀಕ್ಷೆಯೂ, ಬೆರಳಿನ ಎಕ್ಸ್‌ರೇಯೂ ಅದೇ ಕಡೆ ಬೆರಳು ಮಾಡಿದ್ದವು.

ಸಂಧಿವಾತ.

ಅವ್ವನದೇ. ನಾನು ಬೇಡಿದ್ದ ಕೀವು ಸಿಗಲಿಲ್ಲ.

ಡಾಕ್ಟರ್ ಬಾಯಿ ಸುಳ್ಳು ಸಮಾಧಾನ ಹೇಳುವವರಲ್ಲ. ಸವೆದ ಎಲುಬು ಮತ್ತೆ ಬೆಳೆಯುವುದಿಲ್ಲ ಎಂದರು. ಇದು ಹೋಗುವ ರೋಗವಲ್ಲ, ಹಿಡಿದಿಡುವ ರೋಗ ಎಂದರು. ಆದರೆ ನಿಮ್ಮ ತಾಯಿಯ ಕಾಲಕ್ಕೂ ಇಂದಿಗೂ ವ್ಯತ್ಯಾಸವಿದೆ, ಈಗ ಔಷಧವಿದೆ, ನೀವು ಬೇಗ ಬಂದಿದ್ದೀರಿ ಎಂದೂ ಹೇಳಿದರು. ಎರಡು ಹಲ್ಲು ಕಳೆದುಕೊಂಡು ಬಂದವಳಿಗೆ ಬೇಗ ಎಂಬ ಮಾತು ವಿಚಿತ್ರವಾಗಿ ಕೇಳಿಸಿತು. ಕೀಲಿನ ರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಟಿಬಿ ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲವೆಂದು ತಿಳಿದ ಮೇಲೆ ಆ ಕೀಲಿನ ಡಾಕ್ಟರು ಗುಳಿಗೆ ಶುರು ಮಾಡಿದರು. ವಾರಕ್ಕೊಂದೇ ದಿನ, ತಪ್ಪಿಯೂ ದಿನಾ ಅಲ್ಲ ಎಂದು ಮೂರು ಸಲ ಹೇಳಿದರು. ರೇಖಾ ಕ್ಯಾಲೆಂಡರಿನ ಪ್ರತಿ ಭಾನುವಾರಕ್ಕೆ ಕೆಂಪು ಸುತ್ತು ಹಾಕಿದ್ದಾಳೆ. ಆ ದಿನ ಹೊಟ್ಟೆ ತೊಳಸುತ್ತದೆ. ತಿಂಗಳಿಗೊಮ್ಮೆ ರಕ್ತ ಕೊಡಬೇಕು.

ಗುಳಿಗೆ ಶುರುವಾಗಿ ಎರಡು ತಿಂಗಳಿಗೆ ಮಾತು ಸ್ವಲ್ಪ ಸ್ಪಷ್ಟವಾಯಿತು. ಆಗ ಒಂದು ಬೆಳಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಊರಿಗೆ ಫೋನ್ ಮಾಡಿದೆ. ವೈನಿಯನ್ನೇ ಕರೆಸಿದೆ.

"ವೈನಿ, ಅವ್ವ ಹಟ ಮಾಡತಿದ್ದಿಲ್ಲ ಅನಸ್ತದ. ಆಕಿ ಬಾಯಿ ತೆರೀತಿದ್ದಿಲ್ಲ. ದವಡಿ ಹಿಡಿದಿತ್ತು, ನನಗ ಹಿಡಿದಂಗ."

 

"ಹಂಗಾದ್ರ ನನ್ನ ಕೈಯಾನ ತುತ್ತು ಆಕಿಗೆ ಬ್ಯಾಡಾಗಿದ್ದಿಲ್ಲೇನು?" ಎಂದರು ವೈನಿ.

"ಇಲ್ರಿ."

"ಆರು ವರ್ಷ ಆತವ್ವ," ಎಂದರು. ಆಮೇಲೆ, "ನಾ ಬೈದಿದ್ದೆ ಆಕಿಗೆ."

"ನಾನೂ ಬೈದಿದ್ದೆ."

ಇಬ್ಬರೂ ಅಷ್ಟೇ ಹೇಳಿದೆವು. ಬೂತಿನ ಹೊರಗೆ ಜನ ಕಾಯುತ್ತಿದ್ದರು.

ಈಗ ನನ್ನ ಬಾಯಲ್ಲಿ ಎರಡು ಬೆರಳು ಹಿಡಿಸುತ್ತವೆ. ಎರಡು ಎಂದರೆ ಮೆತ್ತಗಿನ ಚಪಾತಿ, ಅನ್ನ, ಬೆಂದ ಕಾಯಿಪಲ್ಯ. ಮೂರು ಎಂದೂ ಆಗಲಾರದು ಎಂದಿದ್ದಾರೆ. ಬೆಳಗ್ಗೆ ಬಿಸಿನೀರಿನ ಬಟ್ಟೆ ಕೆನ್ನೆಗಿಟ್ಟು, ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಾಯಿ ಹಿಗ್ಗಲೆಂದು ಹಲ್ಲಿನ ನಡುವೆ ಇಟ್ಟು ಕೂಡುತ್ತೇನೆ. ಬೆರಳು ಇನ್ನೂ ನೆಟ್ಟಗಿವೆ. ದಿನಾ ನೋಡಿಕೊಳ್ಳುತ್ತೇನೆ. ನೆಟ್ಟಗಿದ್ದಾವೆ ಎಂದು ಖುಷಿಪಡಲು ಹೆದರಿಕೆ, ಪಡದಿರಲು ಮನಸ್ಸಿಲ್ಲ. ಆ ಕೆಲವು ಹನಿಗೆ ನಾನು ಋಣಿ. ಬೇಡದ ಉತ್ತರ ಕೊಟ್ಟವು, ಆದರೆ ಉತ್ತರ ಕೊಟ್ಟವು.

ಹೋದ ವಾರ ಬಟ್ಟೆ ಮಡಚುತ್ತ ರೇಖಾನನ್ನು ಹತ್ತಿರ ಕೂಡಿಸಿಕೊಂಡೆ.

"ಮುಂದ ಒಂದು ದಿನ ನಾ ಬಾಯಿ ತೆರೀಲಿಲ್ಲಂದ್ರ ಬೈಬ್ಯಾಡ. ಮೊದಲು ಕಿವಿ ಮುಂದ ಕೈ ಇಟ್ಟು ನೋಡು."

"ಈಗ ಯಾಕವ್ವಾ ಆ ಮಾತು?" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು.

"ಈಗ ಹೇಳ್ಲಿಕ್ಕೆ ಬರ್ತದ," ಎಂದೆ. "ಅದಕ್ಕ."